ಡೀಸೆಲ್ ಅಣ್ಣನನ್ನು ಕೇಳಿ: ಮೋಟರ್‌ಹೋಮ್‌ಗೆ ಡಿಸ್ಕೌಂಟ್ ಫ್ಯೂಯಲ್ ಕಾರ್ಡ್

ಅಡ್ಮಿನ್: ಅಮೆರಿಕದಲ್ಲಿ ಮೋಟರ್‌ಹೋಮ್ (ಒಳಗೇ ಮನೆಯಿರುವ ಗಾಡಿ, ಆರ್‌ವಿ ಅಂತಲೂ ಅನ್ನುತ್ತಾರೆ) ಓಡಿಸುವ ಕನ್ನಡಿಗರೆಲ್ಲರಿಗೂ ನಮಸ್ಕಾರ. ಈ ಭಾನುವಾರ ಡೀಸೆಲ್ ಅಣ್ಣ ನಮ್ಮ ಜೊತೆ ಇದ್ದಾರೆ. ಟೆಕ್ಸಾಸ್‌ನ ಒಂದು ಟ್ರಕ್ ಕಂಪನಿಯಲ್ಲಿ ಡೀಸೆಲ್ ಖರ್ಚಿನ ಲೆಕ್ಕ ನೋಡುತ್ತಾರೆ. ಅದಕ್ಕೂ ಮೊದಲು ಡೀಸೆಲ್ ಮೆಕ್ಯಾನಿಕ್ ಆಗಿದ್ದವರು. ದಯವಿಟ್ಟು ಮೇಲಿನ ಉತ್ತರಗಳನ್ನು ಓದಿ ಆಮೇಲೆ ಕೇಳಿ.

ದಾವಣಗೆರೆ ಟು ಡೆನ್ವರ್: ಅಣ್ಣ, ಹಳೇ 38 ಅಡಿ ಡೀಸೆಲ್ ಪುಶರ್ (ಎಂಜಿನ್ ಹಿಂದಿರುವ ಮೋಟರ್‌ಹೋಮ್) ತಗೊಂಡಿದ್ದೇವೆ. 100 ಗ್ಯಾಲನ್ ಟ್ಯಾಂಕ್. ಗ್ಯಾಲನ್‌ಗೆ 8 ಮೈಲಿ ಬಂದರೆ ದೊಡ್ಡದು. ಟಿಎಸ್‌ಡಿ ಕಂಪನಿಯವರ ಓಪನ್ ರೋಡ್ಸ್ ಡಿಸ್ಕೌಂಟ್ ಕಾರ್ಡ್ ಇದ್ದರೆ ಗ್ಯಾಲನ್‌ಗೆ 50 ಸೆಂಟ್ ಉಳಿಯುತ್ತೆ ಅಂತಾರೆ. ನಿಜಾನಾ?

ಡೀಸೆಲ್ ಅಣ್ಣ: ಉಳಿಯುತ್ತೆ. ಆದರೆ ಯಾವ ಬೆಲೆಗೆ ಹೋಲಿಸಿ ಉಳಿಯಿತು ಅನ್ನೋದನ್ನು ನೋಡಬೇಕು. ಟ್ರಕ್ ಸ್ಟಾಪ್‌ನ (ಹೆದ್ದಾರಿ ಬದಿಯ ಟ್ರಕ್ ಬಂಕಿನ) ದೊಡ್ಡ ಬೋರ್ಡ್ ಮೇಲಿನ ಬೆಲೆಯನ್ನು ಯಾವ ದೊಡ್ಡ ಟ್ರಕ್ ಕಂಪನಿಯೂ ಕೊಡಲ್ಲ. ಎಲ್ಲರೂ ಚೌಕಾಸಿ ಮಾಡಿರುತ್ತಾರೆ. ಆ ಬೆಲೆ ಕೊಡುವವರು ಕಾರ್ಡ್ ಇಲ್ಲದ ನಾವು ನೀವು.

ಉದಾಹರಣೆಗೆ ಬೋರ್ಡ್‌ನಲ್ಲಿ 4.10 ಡಾಲರ್, ಕಾರ್ಡ್‌ಗೆ 3.55 ಅಂತ ಇಟ್ಕೊಳ್ಳಿ. 80 ಗ್ಯಾಲನ್ ಹಾಕಿದರೆ 44 ಡಾಲರ್ ಉಳಿತಾಯ. ಅದರಲ್ಲಿ ಶೇಕಡಾ 10, ಅಂದರೆ 4.40, ಕಾರ್ಡ್‌ನವರಿಗೆ. ಗ್ಯಾಲನ್ 3.605ಕ್ಕೆ ಬಿತ್ತು. ಅದೇ ಊರೊಳಗಿನ ಸೂಪರ್‌ಮಾರ್ಕೆಟ್ ಬಂಕಿನಲ್ಲಿ 3.75 ಇದೆ, ನಿಮ್ಮ ಕ್ರೆಡಿಟ್ ಕಾರ್ಡ್ ಶೇಕಡಾ 5 ವಾಪಸ್ ಕೊಡುತ್ತೆ ಅಂದರೆ ಅಲ್ಲಿ 3.56 ಚಿಲ್ಲರೆ. ಅಲ್ಲೇ ಅಗ್ಗ! ಆದರೆ 38 ಅಡಿ ಗಾಡಿ, ಹಿಂದೆ ಕಾರು ಬೇರೆ ಎಳ್ಕೊಂಡು ಆ ಬಂಕಿನೊಳಗೆ ತಿರುಗಿಸ್ತೀರಾ? ಅಲ್ಲಿ ಬಂಕಿನ ಚಾವಣಿಗೆ ಗಾಡಿ ಮೇಲಿನ ಏಸಿ ಉಜ್ಜಿದರೆ ಒಂದು ವರ್ಷದ ಉಳಿತಾಯ ಹೋಯಿತು.

ಹಾಗಾಗಿ ಪ್ರತಿ ಸಲ ಕಾರ್ಡ್‌ನವರ ಆ್ಯಪ್ ತೆಗೆದು ನೋಡಿ, ಕಮಿಷನ್ ಸೇರಿಸಿ, ಆಮೇಲೆ ಹೋಲಿಸಿ. ಕಾರ್ಡ್‌ಗೆ ಶುಲ್ಕ ಇಲ್ಲ. ದುಡ್ಡು ಬ್ಯಾಂಕ್ ಖಾತೆಯಿಂದ ನೇರವಾಗಿ ಹೋಗುತ್ತೆ. ಅದಕ್ಕಾಗಿ ಬೇರೆ ಖಾತೆ ಇಡಿ.

ಬೆಳಗಾವಿ ಬಾಯ್: 10 ಪರ್ಸೆಂಟ್ ಕಮಿಷನ್? ಇದು ಹಗಲು ದರೋಡೆ ರೀ.

ಡೀಸೆಲ್ ಅಣ್ಣ: ಉಳಿದ ದುಡ್ಡಿನ ಮೇಲೆ 10. ಒಟ್ಟು ಬಿಲ್ಲಿನ ಮೇಲಲ್ಲ.

ಫೀನಿಕ್ಸ್ ಪುಟ್ಟಿ: ನಾವು ಬಾಡಿಗೆ ಆರ್‌ವಿ ತಗೊಂಡು ಯೆಲ್ಲೋಸ್ಟೋನ್‌ಗೆ ಹೋಗ್ತಿದ್ದೇವೆ. ಈ ಕಾರ್ಡ್ ತಗೋಬಹುದಾ?

ಡೀಸೆಲ್ ಅಣ್ಣ: ಬಾಡಿಗೆ ಆರ್‌ವಿ ಬಹುಪಾಲು ಪೆಟ್ರೋಲ್ ಗಾಡಿ. ಈ ಕಾರ್ಡ್ ಡೀಸೆಲ್‌ಗೆ. ಟ್ಯಾಂಕ್ ಮುಚ್ಚಳದ ಮೇಲೆ ಏನು ಬರೆದಿದೆ ನೋಡಿ. ಪೈಪಿನ ಬಣ್ಣ ನಂಬಬೇಡಿ. ಸಾಮಾನ್ಯವಾಗಿ ಹಸಿರು ಅಂದರೆ ಡೀಸೆಲ್, ಆದರೆ ಬಿಪಿ ಬಂಕಿನಲ್ಲಿ ಹಸಿರು ಪೆಟ್ರೋಲ್.

ನೀವು ಅರಿಜೋನಾದವರು ಅಂತ ಇನ್ನೊಂದು ಮಾತು. ಮುಂದೆ ಡೀಸೆಲ್ ಗಾಡಿ ತಗೊಂಡರೆ ಉಪಯೋಗಕ್ಕೆ ಬರುತ್ತೆ. ಅಲ್ಲಿ ದೊಡ್ಡ ಟ್ರಕ್‌ಗೆ ಡೀಸೆಲ್ ತೆರಿಗೆ ಗ್ಯಾಲನ್‌ಗೆ 26 ಸೆಂಟ್, ಮೋಟರ್‌ಹೋಮ್‌ಗೆ 18. ಟ್ರಕ್ ಸಾಲಿನ ಪಂಪಿನಲ್ಲಿ ಹಾಕಿದರೆ 26 ಕಟ್ತೀರಿ. ಕಾರ್ಡ್ ರಿಯಾಯಿತಿ ಕಡಿಮೆ ಇದ್ದ ದಿನ ಈ 8 ಸೆಂಟ್ ಎಲ್ಲಾ ನುಂಗಿಬಿಡುತ್ತೆ.

ಕಾಫಿತೋಟ: ಟ್ರಕ್ ಸಾಲಿನಲ್ಲಿ ಪಂಪ್ ಯೂನಿಟ್ ನಂಬರ್, ಟ್ರಿಪ್ ನಂಬರ್ ಎಲ್ಲಾ ಕೇಳುತ್ತೆ. ಏನು ಹಾಕೋದು?

ಡೀಸೆಲ್ ಅಣ್ಣ: ಯೂನಿಟ್‌ಗೆ, ಅಂದರೆ ಗಾಡಿಗೆ, ನಿಮಗೆ ನೆನಪಿರುವ ಯಾವುದಾದರೂ ನಂಬರ್. ಟ್ರಿಪ್‌ಗೆ 1. ಓಡೋಮೀಟರ್ ಮಾತ್ರ ಸರಿಯಾಗಿ ಹಾಕಿ, ನಿಮ್ಮ ಲೆಕ್ಕಕ್ಕೇ ಒಳ್ಳೆಯದು.

ಅಕ್ಕ ಇನ್ ಆಸ್ಟಿನ್: ಡೀಸೆಲ್ ಅಣ್ಣ, ಸ್ವಲ್ಪ ಅರ್ಜೆಂಟ್. ನಿನ್ನೆ ರಾತ್ರಿ ಹೊಸ ಕಾರ್ಡ್‌ನಲ್ಲಿ ಮೊದಲ ಸಲ ಡೀಸೆಲ್ ಹಾಕಿಸಿದೆವು. ಪಂಪ್ 'ಟ್ರ್ಯಾಕ್ಟರ್, ರೀಫರ್, ಎರಡೂ' ಅಂತ ಕೇಳಿತಂತೆ. ನಮ್ಮದು ಟ್ರ್ಯಾಕ್ಟರ್ ಅಲ್ಲವಲ್ಲ ಅಂತ ನಮ್ಮ ಯಜಮಾನ್ರು ರೀಫರ್ ಒತ್ತಿದ್ದಾರೆ. ಸಾಲಿನ ಬದಿಯಲ್ಲಿದ್ದ ಬೇರೆ ಪೈಪಿನಿಂದ 60 ಗ್ಯಾಲನ್ ಹಾಕಿದ್ದಾರೆ. ಈಗ ಕ್ಯಾಂಪ್‌ಗ್ರೌಂಡ್‌ನಲ್ಲಿದ್ದೇವೆ. ಅತ್ತೆ ಮಾವ ಮೈಸೂರಿಂದ ಬಂದಿದ್ದಾರೆ, ನಾಳೆ ಬೆಳಗ್ಗೆ ಹೊರಡಬೇಕು. ಏನಾದರೂ ತೊಂದರೆನಾ?

ಡೀಸೆಲ್ ಅಣ್ಣ: ಗಾಡಿ ಸ್ಟಾರ್ಟ್ ಮಾಡಬೇಡಿ ಅಮ್ಮಾ. ಪೂರ್ತಿ ಓದಿ.

ಟ್ರ್ಯಾಕ್ಟರ್ ಅಂದರೆ ಇಲ್ಲಿ ಟ್ರಕ್ಕಿನ ಮುಂಭಾಗ, ಎಳೆಯುವ ಗಾಡಿ. ಮೋಟರ್‌ಹೋಮ್‌ನವರು ಯಾವಾಗಲೂ ಅದನ್ನೇ ಒತ್ತಬೇಕು. ರೀಫರ್ ಅಂದರೆ ಟ್ರೇಲರ್‌ನ ತಂಪು ಯಂತ್ರ. ಅದು ರಸ್ತೆಯಲ್ಲಿ ಗಾಡಿ ಓಡಿಸಲ್ಲ, ಹಾಗಾಗಿ ಅದರ ಡೀಸೆಲ್‌ಗೆ ರಸ್ತೆ ತೆರಿಗೆ ಬೇಡ. ಕೇಂದ್ರದ ತೆರಿಗೆ ಒಂದೇ ಗ್ಯಾಲನ್‌ಗೆ 24.4 ಸೆಂಟ್. ತೆರಿಗೆ ಕಟ್ಟದ ಡೀಸೆಲ್ ಅಂತ ಗುರುತು ಸಿಗಲಿ ಅಂತ ಕೆಂಪು ಬಣ್ಣ ಬೆರೆಸಿರುತ್ತಾರೆ.

ಆದರೆ ಎಲ್ಲಾ ಟ್ರಕ್ ಸ್ಟಾಪ್‌ನಲ್ಲೂ ಹೀಗಿರಲ್ಲ. ಎಷ್ಟೋ ಕಡೆ ಎರಡಕ್ಕೂ ಒಂದೇ ಪೈಪು, ಒಂದೇ ಬಣ್ಣವಿಲ್ಲದ ಡೀಸೆಲ್. ರೀಫರ್ ಅಂತ ಒತ್ತಿದರೆ ರಸೀದಿಯಲ್ಲಿ ಬೇರೆ ಸಾಲು ಬರುತ್ತೆ, ಅಷ್ಟೆ. ನಿಮ್ಮದು ಹಾಗಿದ್ದರೆ ಏನೂ ಆಗಿಲ್ಲ. ಆದರೆ 'ಬೇರೆ ಪೈಪು' ಅಂದಿರಲ್ಲ, ಅದೇ ನನಗೆ ಚಿಂತೆ.

ಎರಡು ಕೆಲಸ ಮಾಡಿ. ಒಂದು, ರಸೀದಿಯಲ್ಲಿ 'ಡೈಡ್' (ಬಣ್ಣ ಬೆರೆಸಿದ್ದು) ಅಂತ ಇದೆಯಾ ನೋಡಿ. ಎರಡು, ಗಾಡಿಯ ಹಿಂದೆ ಎಂಜಿನ್ ಹತ್ತಿರ ಡೀಸೆಲ್‌ನಿಂದ ನೀರು ಬೇರೆ ಮಾಡುವ ಫಿಲ್ಟರ್ ಇರುತ್ತೆ. ಎಂಜಿನ್ ಆಫ್ ಇರಲಿ, ಕೈಗೆ ಗ್ಲೌಸ್ ಇರಲಿ. ಫಿಲ್ಟರ್ ಕೆಳಗೆ ಒಂದು ತಿರುಪು ಇದೆ. ಗಾಜಿನ ಬಾಟಲಿ ಹಿಡಿದು ಅದನ್ನು ಅರ್ಧ ಸುತ್ತು ಸಡಿಲ ಮಾಡಿ. ಅರ್ಧ ಲೋಟ ಸಾಕು, ತಕ್ಷಣ ಬಿಗಿ ಮಾಡಿ. ಜಾಸ್ತಿ ಬಿಟ್ಟರೆ ಗಾಳಿ ಹೊಕ್ಕು ಎಂಜಿನ್ ಹತ್ತಲ್ಲ. ಬಾಟಲಿಯನ್ನು ಬಿಳಿ ಕಾಗದದ ಮುಂದೆ ಹಿಡಿದು ಬಣ್ಣ ಹೇಳಿ.

ಮಂಡ್ಯದ ಮಗ: ನಾನು ಟ್ರಕ್ ಓಡಿಸೋನು. ಇದಕ್ಕೇ ಹೇಳೋದು, ಆರ್‌ವಿಯವರು ಟ್ರಕ್ ಸಾಲಿಗೆ ಬರಬಾರದು ಅಂತ. ಡೀಸೆಲ್ ಹಾಕ್ಕೊಂಡು ಅಲ್ಲೇ ಗಾಡಿ ನಿಲ್ಲಿಸಿ ಇಡೀ ಸಂಸಾರ ಒಳಗೆ ತಿಂಡಿ ತಿನ್ನೋಕೆ ಹೋಗುತ್ತೆ. ಹಿಂದೆ ನಾವು ಐದು ಜನ ಕಾಯ್ತಿರ್ತೀವಿ.

ಕಾಫಿತೋಟ: ನಾವೂ ದುಡ್ಡು ಕೊಟ್ಟೇ ಹಾಕಿಸೋದು ಸ್ವಾಮಿ. ರಸ್ತೆ ನಿಮ್ಮಪ್ಪಂದಲ್ಲ.

ಮಂಡ್ಯದ ಮಗ: ದುಡ್ಡು ಕೊಡಿ, ಬೇಡ ಅಂದವರು ಯಾರು? ಹಾಕಿದ ಮೇಲೆ ಮುಂದಿನ ಗೆರೆ ತನಕ ಎಳೆದು ನಿಲ್ಲಿಸಿ. ಇಷ್ಟು ಗೊತ್ತಾಗಲ್ವಾ?

ಬೆಳಗಾವಿ ಬಾಯ್: ರಾತ್ರಿ ಟ್ರಕ್ ಜಾಗದಲ್ಲಿ ಮಲಗೋರೂ ಇದ್ದಾರೆ. ಡ್ರೈವರ್‌ಗೆ 10 ತಾಸು ರೆಸ್ಟ್ ಕಾನೂನು ಐತಿ, ಅವ ಎಲ್ಲಿ ನಿಲ್ಲಸಬೇಕು?

ಕಾಫಿತೋಟ: ನೀವು ಆರ್‌ವಿ ಮಾರಿದ ಮೇಲೆ ಟ್ರಕ್‌ನವರ ವಕೀಲರಾದ್ರಾ?

ಅಡ್ಮಿನ್: ಎಲ್ಲರೂ ಸಾಕು ಮಾಡಿ.

ಸಿಯಾಟಲ್ ಸುಬ್ಬಿ: ಕೆನಡಾದಲ್ಲಿ ಈ ಕಾರ್ಡ್ ನಡೆಯುತ್ತಾ?

ತುಮಕೂರು ತಾತ: ಫಾರ್ವರ್ಡ್ ಆಗಿ ಬಂದದ್ದು: *ಡೀಸೆಲ್ ಹೊಗೆ ಶುದ್ಧ ಮಾಡುವ ದ್ರವ ಡಿಇಎಫ್‌ಗೆ ದುಡ್ಡು ಸುರಿಯಬೇಡಿ! ಯೂರಿಯಾ ಗೊಬ್ಬರ ಮೂರು ಪಾಲು, ನೀರು ಏಳು ಪಾಲು, ಚೆನ್ನಾಗಿ ಕಲಸಿ ಬಟ್ಟೆಯಲ್ಲಿ ಸೋಸಿ. ಎಲ್ಲರಿಗೂ ಹಂಚಿ.* ಇದು ಸರಿನಾ ಡೀಸೆಲ್ ಅಣ್ಣ?

ಡೀಸೆಲ್ ಅಣ್ಣ: ಹಂಚಬೇಡಿ. ಡಿಇಎಫ್‌ನಲ್ಲಿ ಯೂರಿಯಾ ಶೇಕಡಾ 32.5 ಇರುತ್ತೆ ಅನ್ನೋದು ನಿಜ, ಅದಕ್ಕೇ ಈ ಮೆಸೇಜ್ ಬುದ್ಧಿವಂತಿಕೆ ತರ ಕಾಣೋದು. ಆದರೆ ಅದು ಬೇರೆಯೇ ಶುದ್ಧತೆಯ ಯೂರಿಯಾ, ಖನಿಜ ತೆಗೆದ ನೀರು. ಗೊಬ್ಬರದಲ್ಲಿರುವ ಕಸ, ನಲ್ಲಿ ನೀರಿನ ಸುಣ್ಣ ಇಂಜೆಕ್ಟರ್‌ಗೆ ಕಟ್ಟಿಕೊಂಡು ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಸಾಯುತ್ತೆ. ಸಾವಿರಾರು ಡಾಲರ್ ಬಾಬತ್ತು. ಗೊಬ್ಬರ ಹೊಲಕ್ಕೆ ಹಾಕಿ ತಾತ.

ದಾವಣಗೆರೆ ಟು ಡೆನ್ವರ್: ಅಣ್ಣ, ಬ್ಯಾಂಕ್ ಕಾರ್ಡ್‌ನಲ್ಲಿ ಹಾಕಿಸುವಾಗ ಪಂಪ್ 175 ಡಾಲರ್‌ಗೆ ನಿಂತುಬಿಡ್ತು. ಗಾಡಿ ಕೆಟ್ಟಿದೆಯಾ?

ಡೀಸೆಲ್ ಅಣ್ಣ: ಇಲ್ಲ. ಒಂದು ಸಲ ಉಜ್ಜಿದರೆ ಇಷ್ಟೇ ಅನ್ನೋ ಮಿತಿ. ಒಳಗೆ ಹೋಗಿ ಮೊದಲೇ ಕಾರ್ಡ್ ಕೊಡಿ.

ಅಕ್ಕ ಇನ್ ಆಸ್ಟಿನ್: ಅಣ್ಣ, ರಸೀದಿ ನೋಡಿದೆ, 'ಡೈಡ್' ಅಂತ ಇದೆ. ಬಾಟಲಿಯಲ್ಲಿ ತಿಳಿ ಗುಲಾಬಿ ಬಣ್ಣ ಬಂತು. ಕೆಂಪಲ್ಲ. ಪರವಾಗಿಲ್ಲ ಅಲ್ವಾ?

ಡೀಸೆಲ್ ಅಣ್ಣ: ಪರವಾಗಿಲ್ಲ ಅನ್ನೋಕಾಗಲ್ಲ. ಟ್ಯಾಂಕಿನಲ್ಲಿ ಮೊದಲೇ ಇದ್ದ ಡೀಸೆಲ್ ಸೇರಿ ತಿಳಿಯಾಗಿದೆ.

ಎಂಜಿನ್ ಚಿಂತೆ ಬಿಡಿ. ಡೀಸೆಲ್ ಅದೇ, ಬಣ್ಣ ಮಾತ್ರ ಬೇರೆ. ತೊಂದರೆ ಕಾನೂನಿನದು. ಬಣ್ಣದ ಡೀಸೆಲ್ ಹಾಕಿ ರಸ್ತೆಗೆ ಇಳಿದರೆ ಕೇಂದ್ರದ ದಂಡ 1000 ಡಾಲರ್, ಅಥವಾ ಗ್ಯಾಲನ್‌ಗೆ 10 ಡಾಲರ್, ಯಾವುದು ಹೆಚ್ಚೋ ಅದು. ನಿಮ್ಮ 60 ಗ್ಯಾಲನ್‌ಗೆ ಅಂದರೆ 1000. ರಾಜ್ಯದ ದಂಡ ಬೇರೆ. ಮೋಟರ್‌ಹೋಮ್ ನಿಲ್ಲಿಸಿ ನೋಡೋದು ಅಪರೂಪ, ನಿಜ. ಆದರೆ ಗೊತ್ತಾದ ಮೇಲೂ ಓಡಿಸಿ ಅಂತ ನಾನು ಹೇಳಲ್ಲ.

ಬೆಳಗ್ಗೆ ಆ ಟ್ರಕ್ ಸ್ಟಾಪ್ ಮ್ಯಾನೇಜರ್‌ಗೆ ಫೋನ್ ಮಾಡಿ, ರಸೀದಿ ಕೈಯಲ್ಲಿರಲಿ. ಇಂಥದ್ದು ಅವರಿಗೆ ಹೊಸದಲ್ಲ. ನೀವಿರುವ ಜಾಗಕ್ಕೇ ಬಂದು ಟ್ಯಾಂಕ್ ಖಾಲಿ ಮಾಡುವವರ ನಂಬರ್ ಅವರ ಹತ್ತಿರ ಇರುತ್ತೆ. ಖಾಲಿ ಮಾಡಿಸಿದ ಬಿಲ್ಲನ್ನೂ ಎತ್ತಿಡಿ. ಮೇಲಿಂದ ಒಳ್ಳೆ ಡೀಸೆಲ್ ಸುರಿದು ತೆಳು ಮಾಡಬೇಡಿ, ಸ್ವಲ್ಪ ಉಳಿದರೂ ಆ ಬಣ್ಣ ಪರೀಕ್ಷೆಯಲ್ಲಿ ಸಿಗುತ್ತೆ.

ತುಮಕೂರು ತಾತ: ಬೆಕ್ಕಿನ ಮಲಕ್ಕೆ ಹಾಕೋ ಮಣ್ಣಿನಲ್ಲಿ ಸೋಸಿದರೆ ಬಣ್ಣ ಹೋಗುತ್ತಂತೆ. ಒಂದು ವಿಡಿಯೋ ಬಂದಿದೆ, ಹಾಕ್ಲಾ?

ಡೀಸೆಲ್ ಅಣ್ಣ: ಹಾಕಬೇಡಿ. ಬಣ್ಣ ತೆಗೆಯೋದೇ ಒಂದು ಅಪರಾಧ, ಅದಕ್ಕೂ ಅದೇ ದಂಡ. ತಿಳಿಯದೆ ಹಾಕಿಸಿದವರನ್ನು ನೀವು ತಿಳಿದು ತಪ್ಪು ಮಾಡಿದವರಾಗಿ ಮಾಡ್ತಿದ್ದೀರಿ. ಆ ಮಣ್ಣಿನ ಪುಡಿ ಇಂಜೆಕ್ಟರ್‌ಗೆ ಹೋದರೆ ಎಂಜಿನ್ನೂ ಹೋಯಿತು. ಅಡ್ಮಿನ್, ಇವರ ಫಾರ್ವರ್ಡ್ ನಿಲ್ಲಿಸ್ರೀ.

ತುಮಕೂರು ತಾತ: ಹಿರಿಯರಿಗೆ ಮಾತಾಡೋ ರೀತಿ ಇದಲ್ಲ.

ಮಂಡ್ಯದ ಮಗ: ಹಿರಿಯರು ಬೆಕ್ಕಿನ ಮಣ್ಣು ಹಂಚೋದೂ ರೀತಿ ಅಲ್ಲ.

ಅಕ್ಕ ಇನ್ ಆಸ್ಟಿನ್: ಥ್ಯಾಂಕ್ಸ್ ಅಣ್ಣ. ಹೊರಡೋದು ಒಂದು ದಿನ ಮುಂದೆ ಹಾಕಿದೆವು. ಖಾಲಿ ಮಾಡೋಕೆ ಎಷ್ಟಾಗಬಹುದು?

ಡೀಸೆಲ್ ಅಣ್ಣ: ಊರಿಂದ ಊರಿಗೆ ಬೇರೆ. ಇಬ್ಬರನ್ನು ಕೇಳಿ, ತೆಗೆದ ಡೀಸೆಲ್ ಅವರೇ ಇಟ್ಟುಕೊಳ್ಳುವುದಾದರೆ ರೇಟ್ ಇಳಿಸಿ ಅನ್ನಿ. ಹೊಲ ಇರುವವರಿಗೆ ಅದು ಬೇಕಾದ ಮಾಲು, ಹೊಲ ಉಳುವ ಟ್ರ್ಯಾಕ್ಟರ್‌ಗೆ ಕಾನೂನಾಗಿಯೇ ಹಾಕಬಹುದು.

ಜಯನಗರ ಜಾನಿ: ಬೆಂಗಳೂರಲ್ಲಿ ಕ್ಯಾರವಾನ್ ಮಾಡಿಸ್ತಿದ್ದೀನಿ. ಇಂಡಿಯನ್ ಆಯಿಲ್ ಎಕ್ಸ್‌ಟ್ರಾಪವರ್, ಭಾರತ್ ಪೆಟ್ರೋಲಿಯಂ ಸ್ಮಾರ್ಟ್‌ಫ್ಲೀಟ್ ಕಾರ್ಡ್‌ಗಳು ಇವೆಯಲ್ಲ, ಒಂದೇ ಗಾಡಿಗೆ ಕೊಡ್ತಾರಾ?

ಶಿಕಾಗೋ ಶೆಟ್ರು: ಡೀಸೆಲ್ ರಿಯಾಯಿತಿಯ ಮಡ್‌ಫ್ಲ್ಯಾಪ್ ಆ್ಯಪ್ ಒಳ್ಳೆಯದಾ, ಈ ಕಾರ್ಡಾ?

ಡೀಸೆಲ್ ಅಣ್ಣ: ಎರಡೂ ಇಟ್ಕೊಳ್ಳಿ. ಟಿಎ, ಪೆಟ್ರೋ ಅನ್ನೋ ದೊಡ್ಡ ಟ್ರಕ್ ಸ್ಟಾಪ್‌ಗಳ ಕಡೆ ಕಾರ್ಡ್, ಸಣ್ಣ ಟ್ರಕ್ ಸ್ಟಾಪ್‌ಗಳಲ್ಲಿ ಮಡ್‌ಫ್ಲ್ಯಾಪ್.

ಕಾಫಿತೋಟ: ಬೆಳಗಿನ ಜಾವ ಹಾಕಿಸಿದರೆ ಡೀಸೆಲ್ ಜಾಸ್ತಿ ಬರುತ್ತೆ ಅಂತಾರಲ್ಲ?

ಡೀಸೆಲ್ ಅಣ್ಣ: ಟ್ಯಾಂಕ್ ನೆಲದೊಳಗಿದೆ. ಅಲ್ಲಿ ಬೆಳಗೂ ಇಲ್ಲ, ಮಧ್ಯಾಹ್ನವೂ ಇಲ್ಲ.

ಹಾಸನ ಹುಡುಗಿ: ಹಾಯ್ ಸರ್, ಬಾಡಿಗೆ ಆರ್‌ವಿಗೆ ಈ ಕಾರ್ಡ್ ಆಗುತ್ತಾ?

ಡೀಸೆಲ್ ಅಣ್ಣ: ಮೇಲೆ ಓದಿ.

ಹಾಸನ ಹುಡುಗಿ: ಮೇಲೆ ಅಂದ್ರೆ ಎಲ್ಲಿ ಸರ್? ಲಿಂಕ್ ಕಳಿಸಿ.

ಅಡ್ಮಿನ್: ಡೀಸೆಲ್ ಅಣ್ಣ ಆಫ್‌ಲೈನ್ ಹೋಗಿದ್ದಾರೆ. ಇವತ್ತಿಗೆ ಕಾಮೆಂಟ್ ಮುಚ್ಚುತ್ತಿದ್ದೇನೆ. ಆಸ್ಟಿನ್ ಅಕ್ಕನಿಗೆ ಮಾತ್ರ ಅವರು ನೇರವಾಗಿ ಮೆಸೇಜ್ ಮಾಡ್ತಾರಂತೆ.