ಸಹಾಯ ಬೇಕು: ಪೋಕರ್‌ನಲ್ಲಿ ಪಳಗಲು ಎಷ್ಟು ಕಾಲ ಹಿಡಿಯುತ್ತದೆ?

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ನವನಗರದಲ್ಲಿ ನಾವು ಕೆಲವು ಗೆಳೆಯರು ಭಾನುವಾರ ಸಂಜೆ ಟೆಕ್ಸಾಸ್ ಹೋಲ್ಡೆಮ್ ಪೋಕರ್ ಆಡುತ್ತೇವೆ. ಹಣವಿಲ್ಲ, ಹುಣಸೆ ಬೀಜವೇ ಪಣ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಆ ದಾರಿಯನ್ನು ದಯವಿಟ್ಟು ಯಾರೂ ತೋರಿಸಬೇಡಿ.

ನಿಯಮಗಳು ಒಂದೇ ಸಂಜೆಯಲ್ಲಿ ತಲೆಗೆ ಹತ್ತಿದವು. ರಮ್ಮಿ ಆಡಿದವರಿಗೆ ಅದೇನು ದೊಡ್ಡ ಮಾತಲ್ಲ. ತಲೆ ಕೆಡಿಸುವುದು ಲೆಕ್ಕ. ಈ ಆಟದಲ್ಲಿ ಪ್ರತಿಯೊಬ್ಬರ ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ನಡುವಿನ ಮೂರು ಎಲೆ ತೆರೆದಾಗ ನನ್ನ ಎರಡೂ ಸೇರಿ ನಾಲ್ಕು ಹಾರ್ಟ್ ಆದವು ಎನ್ನಿ. ಕಾಣದ ಎಲೆಗಳಲ್ಲಿ ಇನ್ನೂ 9 ಹಾರ್ಟ್ ಇವೆ. ಮುಂದಿನ ಎಲೆಯಲ್ಲೇ ಫ್ಲಶ್ (ಒಂದೇ ಜಾತಿಯ ಐದು ಎಲೆ) ಆಗುವ ಸಾಧ್ಯತೆ ಸುಮಾರು ಶೇ 19. ಉಳಿದ ಎರಡೂ ಎಲೆ ಸೇರಿದರೆ ಸುಮಾರು ಶೇ 35. ನಡುವೆ 100 ಬೀಜ ಇರುವಾಗ ಎದುರಾಳಿ 50 ಹಾಕಿದರೆ, ನಾನೂ 50 ಹಾಕಿ ಮುಂದುವರಿಯಲು (ಒಟ್ಟು 200ರಲ್ಲಿ ನನ್ನ 50) ಶೇ 25 ಸಾಧ್ಯತೆ ಇರಬೇಕು. ಒಂದು ಲೆಕ್ಕ 'ಬಿಡು' ಎನ್ನುತ್ತದೆ, ಇನ್ನೊಂದು 'ಆಡು' ಎನ್ನುತ್ತದೆ!

ಇಂಥ ಸಾಧ್ಯತೆಗಳ ಕೋಷ್ಟಕ ಬಾಯಿಪಾಠ ಮಾಡಿದೆ, ಆಡಿದ ಸುತ್ತುಗಳನ್ನು ಬರೆದಿಟ್ಟೆ, ವಿಡಿಯೊ ನೋಡಿದೆ. ಆದರೂ ಗೆದ್ದದ್ದು ಜಾಣತನದಿಂದಲೋ ಅದೃಷ್ಟದಿಂದಲೋ ತಿಳಿಯುತ್ತಿಲ್ಲ. ಬೀಜ ಪುಕ್ಕಟೆಯಾದ್ದರಿಂದ ನಮ್ಮಲ್ಲಿ ಯಾರೂ ಎಲೆ ಬಿಡುವುದೇ ಇಲ್ಲ. ಕೆಟ್ಟ ಎಲೆ ಇಟ್ಟುಕೊಂಡು ದೊಡ್ಡ ಪಣದ ಸುಳ್ಳು ಬೆದರಿಕೆ (ಬ್ಲಫ್) ಹಾಕಿ ಪ್ರಯೋಜನವೇನು?

ಅನುಭವಿಗಳು ಮೂರು ವಿಷಯ ತಿಳಿಸಿ: ಮೇಲಿನ ಸನ್ನಿವೇಶದಲ್ಲಿ ಯಾವ ಶೇಕಡಾವಾರು ಹಿಡಿಯಬೇಕು? ವಾರಕ್ಕೊಮ್ಮೆ ಆಡುವವನು ಪಳಗಲು ತಿಂಗಳುಗಳು ಸಾಕೇ, ವರ್ಷಗಳೇ ಬೇಕೇ? ಗೆಲುವು ಸೋಲು ಬಿಟ್ಟು, ಆಟ ಸುಧಾರಿಸಿದೆ ಎಂದು ಯಾವುದರಿಂದ ಗುರುತಿಸುತ್ತೀರಿ?