ಸಹಾಯ ಬೇಕು: ಸ್ತನ ಕ್ಯಾನ್ಸರ್ ಪತ್ತೆಯಾದ ನಂತರದ ಪರೀಕ್ಷೆಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮ್ಯಾಮೊಗ್ರಾಮ್‌ನಲ್ಲಿ ಕಾಣಿಸಿದ 14 ಮಿಲಿಮೀಟರ್ ಗಂಟಿನ ಬಯಾಪ್ಸಿ ಮಾಡಿದಾಗ ನನಗೆ ಸ್ತನ ಕ್ಯಾನ್ಸರ್ ಇರುವುದು ಖಚಿತವಾಯಿತು. ಇದು ಆರಂಭಿಕ ಹಂತದಲ್ಲೇ ಇರಬಹುದೆಂದು ವೈದ್ಯರು ಹೇಳಿದ್ದಾರೆ.

ಗಂಟು ಹಾರ್ಮೋನಿಗೆ ಸ್ಪಂದಿಸುವ ಬಗೆಯದೆಂದು ವರದಿಯಲ್ಲಿದೆ. ಆದರೆ ಕ್ಯಾನ್ಸರ್ ಕೋಶಗಳ ಬೆಳವಣಿಗೆಗೆ ಕುಮ್ಮಕ್ಕು ಕೊಡುವ ಹರ್-2 ಎಂಬ ಪ್ರೋಟೀನಿನ ಪರೀಕ್ಷೆಯ ಫಲಿತಾಂಶ 2+ ಎಂದು ಬಂದಿದ್ದು, ಅದನ್ನು ಪಾಸಿಟಿವ್ ಎಂದಾಗಲಿ ನೆಗೆಟಿವ್ ಎಂದಾಗಲಿ ನಿರ್ಧರಿಸಲು ಬಾರದ ಕಾರಣ, ಬಯಾಪ್ಸಿಯ ಅದೇ ತುಣುಕನ್ನು ಹರ್-2 ಜೀನ್‌ನ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆಗೆ ಕಳುಹಿಸಿದ್ದಾರೆ. ಅದು ಪಾಸಿಟಿವ್ ಬಂದರೆ ಹರ್-2 ಪ್ರೋಟೀನನ್ನೇ ಗುರಿಯಾಗಿಸುವ ಔಷಧವೂ ಚಿಕಿತ್ಸೆಗೆ ಸೇರುತ್ತದೆ ಎಂಬುದು ನನಗೆ ತಿಳಿದಿದೆ. ಪರೀಕ್ಷೆ ಅಗತ್ಯವೆಂದು ಪೂರ್ತಿ ಒಪ್ಪುತ್ತೇನೆ, ಆದರೂ ಈ ಕಾಯುವಿಕೆ ರೋಗದ ಹೆಸರು ಕೇಳಿದ ದಿನಕ್ಕಿಂತ ಕಠಿಣವಾಗಿದೆ.

ಶಸ್ತ್ರಚಿಕಿತ್ಸೆಯ ವೇಳೆ ಕಂಕುಳಿನ ಸೆಂಟಿನೆಲ್ ಗ್ರಂಥಿಯನ್ನು, ಅಂದರೆ ಕ್ಯಾನ್ಸರ್ ಹರಡಿದ್ದರೆ ಮೊದಲು ತಲುಪುವ ದುಗ್ಧರಸ (ಲಿಂಫ್) ಗ್ರಂಥಿಯನ್ನು, ತೆಗೆದು ಪರೀಕ್ಷಿಸಲಿದ್ದಾರೆ.

ಈ ಹಾದಿಯನ್ನು ದಾಟಿದವರಲ್ಲಿ ನನ್ನ ವಿನಂತಿ: ಫಿಶ್ ವರದಿ ಬಂದ ಮೇಲೆ ನಿಮ್ಮ ಚಿಕಿತ್ಸೆಯ ಕ್ರಮ ಬದಲಾಯಿತೇ? ಗ್ರಂಥಿ ತೆಗೆದ ಬಳಿಕ ತೋಳಿನಲ್ಲಿ ಊತ, ಜೋಮು ಕಾಣಿಸಿಕೊಂಡಿತೇ, ಯಾವ ವ್ಯಾಯಾಮ ನೆರವಾಯಿತು? ಮುಂದಿನ ಭೇಟಿಯಲ್ಲಿ ವೈದ್ಯರನ್ನು ಏನೇನು ಕೇಳಬೇಕೆಂದು ತಿಳಿಸಿದರೆ ಬರೆದಿಟ್ಟುಕೊಂಡು ಹೋಗುತ್ತೇನೆ. ಗುಣಪಡಿಸುವ ಮನೆಮದ್ದುಗಳನ್ನು ದಯವಿಟ್ಟು ಸೂಚಿಸಬೇಡಿ. ನಿಮ್ಮ ಅನುಭವವೇ ನನಗೆ ಬೇಕಾಗಿರುವುದು.