ಅಪ್ಪ ಇನ್ನೂ 'ಮೈಸೂರು ಬ್ಯಾಂಕ್' ಅಂತಾರೆ, ಆ ಬ್ಯಾಂಕ್ ಏನಾಯ್ತು?

ಮಂಡಿಪೇಟೆ ಹುಡುಗ:
ಅಟ್ಟ ಕ್ಲೀನ್ ಮಾಡುವಾಗ ಅಜ್ಜನ ಟ್ರಂಕಿನಲ್ಲಿ ಒಂದು ಪಾಸ್‌ಬುಕ್ ಸಿಕ್ಕಿತು. ಮೇಲೆ 'ಬ್ಯಾಂಕ್ ಆಫ್ ಮೈಸೂರ್ ಲಿಮಿಟೆಡ್' ಅಂತಿದೆ. ಕೊನೆಯ ಎಂಟ್ರಿ 1955ರದ್ದು, ಬಾಕಿ 14 ರೂಪಾಯಿ 6 ಆಣೆ. ಅಪ್ಪನ ಹಳೇ ಪಾಸ್‌ಬುಕ್ಕಿನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್, ನನ್ನದರಲ್ಲಿ ಎಸ್‌ಬಿಐ. ಅಪ್ಪ ಮಾತ್ರ ಪಿಂಚಣಿ ತರೋಕೆ ಹೊರಟರೆ ಈಗಲೂ 'ಮೈಸೂರು ಬ್ಯಾಂಕಿಗೆ ಹೋಗಿ ಬರ್ತೀನಿ' ಅಂತಲೇ ಹೇಳುತ್ತಾರೆ. ಮೂರೂ ಒಂದೇನಾ? ಮುಳುಗಿದ್ದನ್ನು ಎಸ್‌ಬಿಐ ಕೊಂಡುಕೊಂಡಿತಾ?

ಕೋಟೆ ಕಡೆಯವನು:
1969ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಕರಣ ಮಾಡಿದರಲ್ವಾ, ಆಗ ಹೋಗಿದ್ದು.

ಹಳೇ ಕ್ಯಾಷಿಯರ್:
ಅಲ್ಲ ಮಾರಾಯ್ರೇ. 1969ರ 14 ಬ್ಯಾಂಕುಗಳಲ್ಲಿ ಕರಾವಳಿಯ ಕೆನರಾ, ಸಿಂಡಿಕೇಟ್ ಇದ್ದವು, ಇದು ಇರಲಿಲ್ಲ. ಇದರ ಕಥೆ ಬೇರೆ. ನಾಲ್ವಡಿಯವರ ಕಾಲದಲ್ಲಿ ವಿಶ್ವೇಶ್ವರಯ್ಯನವರ ನೇತೃತ್ವದ ಬ್ಯಾಂಕಿಂಗ್ ಸಮಿತಿ ನಮ್ಮದೇ ಒಂದು ಬ್ಯಾಂಕ್ ಬೇಕು ಅಂದಿತು, 1913ರಲ್ಲಿ ಸಂಸ್ಥಾನದ ಸರ್ಕಾರದ ಬೆಂಬಲದಿಂದಲೇ ಶುರುವಾಯ್ತು. ಆಗ ದಾವಣಗೆರೆ, ಚಿತ್ರದುರ್ಗ ಎರಡೂ ಮೈಸೂರು ಸಂಸ್ಥಾನದೊಳಗೇ ಇದ್ದವು. ಹರಿಹರದ ಹೊಳೆ ದಾಟಿದರೆ ಮುಂಬೈ ಪ್ರಾಂತ್ಯ! ಹಾಗಾಗಿ ಇಲ್ಲಿಯವರಿಗೆ 'ಮೈಸೂರು' ಅಂದರೆ ಬರೀ ಆ ಊರಲ್ಲ, ನಮ್ಮ ಸರ್ಕಾರ ಅಂತಲೇ ಅರ್ಥ.

ಆಮೇಲೆ 1955ರಲ್ಲಿ ಇಂಪೀರಿಯಲ್ ಬ್ಯಾಂಕ್ ಹೋಗಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಯ್ತು. ಸಂಸ್ಥಾನಗಳಲ್ಲಿ ಬೆಳೆದ ಬ್ಯಾಂಕುಗಳನ್ನು ಅದರ ಕೈಕೆಳಗೆ ತರೋಕೆ 1959ರಲ್ಲಿ ಕಾನೂನು ಬಂತು. 1960ರ ಮಾರ್ಚಿನಲ್ಲಿ ನಮ್ಮದು ಎಸ್‌ಬಿಐನ ಅಂಗಸಂಸ್ಥೆ ಆಯ್ತು. ನಿಮ್ಮ ಅಪ್ಪನ ಪಾಸ್‌ಬುಕ್ಕಿನ ಹೆಸರು ಬಂದಿದ್ದು ಹಾಗೆ. 57 ವರ್ಷ ಹಾಗೇ ನಡೆದು 2017ರ ಏಪ್ರಿಲ್ 1ಕ್ಕೆ ಹೈದರಾಬಾದ್, ಪಟಿಯಾಲ, ತಿರುವಾಂಕೂರು, ಬಿಕಾನೇರ್-ಜೈಪುರ ಬ್ಯಾಂಕುಗಳ ಜೊತೆ ಪೂರ್ತಿ ವಿಲೀನ. ಮುಳುಗಿದ್ದು ಅನ್ನಬೇಡಿ, ಬೇಜಾರಾಗುತ್ತೆ. ಕೆಟ್ಟ ಸಾಲ ಇತ್ತು ನಿಜ, ಆಗ ಯಾವ ಸರ್ಕಾರಿ ಬ್ಯಾಂಕಿಗೆ ಇರಲಿಲ್ಲ ಹೇಳಿ. ನಮ್ಮ 10 ಷೇರಿಗೆ ಎಸ್‌ಬಿಐನ 22 ಷೇರು ಕೊಟ್ಟರು, ಮುಳುಗಿದ್ದಕ್ಕೆ ಯಾರಾದರೂ ಅಷ್ಟು ಕೊಡ್ತಾರಾ?

ಕೋಟೆ ಕಡೆಯವನು:
ಸರಿ ಸರ್, ನಂದು ತಪ್ಪು. ಆದರೆ ಆ 14 ರೂಪಾಯಿ?

ಗಿರ್ಮಿಟ್ ಪ್ರಿಯ:
10 ವರ್ಷ ಯಾರೂ ಮುಟ್ಟದ ಖಾತೆಯ ದುಡ್ಡು ಈಗ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತೆ. ವಾರಸುದಾರರು ಬ್ಯಾಂಕಿನ ಮೂಲಕವೇ ಕೇಳಬಹುದು, 'ಉದ್ಗಮ್' ಪೋರ್ಟಲ್‌ನಲ್ಲಿ ಹುಡುಕಬಹುದು. ಅಜ್ಜ ಆಗಲೇ ಖಾತೆ ಮುಚ್ಚಿದ್ದರೆ ಮಾತ್ರ ಏನೂ ಸಿಗಲ್ಲ. ನಾನಾಗಿದ್ದರೆ ಪಾಸ್‌ಬುಕ್ಕಿಗೆ ಫ್ರೇಮ್ ಹಾಕಿಸುತ್ತಿದ್ದೆ. 14 ರೂಪಾಯಿಗೆ ಈಗ ಬೆಣ್ಣೆದೋಸೆಯ ಚಟ್ನಿ ಕೂಡ ಬರಲ್ಲ.

ಹಳೇ ಕ್ಯಾಷಿಯರ್:
ಇನ್ನೊಂದು. ನಿಮ್ಮ ಶಾಖೆಯ ಐಎಫ್‌ಎಸ್‌ಸಿ ಕೋಡ್ ನೋಡಿ. ಎಸ್‌ಬಿಐಎನ್ ಆದ ಮೇಲೆ 0040 ಅಂತ ಶುರುವಾದರೆ ಅದು ಹಳೇ ಮೈಸೂರು ಬ್ಯಾಂಕ್ ಶಾಖೆ.

ಮಂಡಿಪೇಟೆ ಹುಡುಗ:
ನೋಡಿದೆ ಸರ್, 0040 ಇದೆ! ಅಪ್ಪನಿಗೆ ತೋರಿಸಿದೆ. ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ, 'ಬೋರ್ಡ್ ಬದಲಾಯಿಸಿದರೆ ಬ್ಯಾಂಕ್ ಬದಲಾಗುತ್ತೇನೋ' ಅಂದು ಪೇಪರ್ ಓದೋಕೆ ಕೂತರು.